ಹಣ ಬರುವ ತಿಂಗಳು, ಹಣ ಬೇಕಾಗುವ ತಿಂಗಳು

ಪದವಿ ಓದುವ ವಿದ್ಯಾರ್ಥಿಯ ಹಣ ಸಂಬಳದ ಹಾಗೆ ತಿಂಗಳ ಮೊದಲ ದಿನ ಬರುವುದಿಲ್ಲ. ಊರಿನಲ್ಲಿ ಅಡಿಕೆಯೋ ರೇಷ್ಮೆಗೂಡೋ ಮೆಣಸಿನಕಾಯಿಯೋ ಮಾರಾಟವಾದಾಗ ಒಂದಿಷ್ಟು, ಅಣ್ಣನಿಗೆ ಸಂಬಳವಾದಾಗ ಒಂದಿಷ್ಟು, ವಿದ್ಯಾರ್ಥಿವೇತನ ಮಂಜೂರಾದಾಗ ಒಂದಿಷ್ಟು ಎಂದು ತುಂಡುತುಂಡಾಗಿ ಕೈಸೇರುತ್ತದೆ. ಖರ್ಚು ಮಾತ್ರ ಕಾಯುವುದಿಲ್ಲ. ಪ್ರವೇಶ ಶುಲ್ಕಕ್ಕೆ ಕೊನೆಯ ದಿನಾಂಕವಿದೆ, ಪರೀಕ್ಷಾ ಶುಲ್ಕ ತಡವಾದರೆ ದಂಡವಿದೆ, ಮೆಸ್ ಬಿಲ್ಲಿಗೆ ತಿಂಗಳ ಗಡುವಿದೆ. ಆದಾಯದಲ್ಲಿ ಇಂತಿಷ್ಟು ಪಾಲು ಬಾಡಿಗೆಗೆ, ಇಂತಿಷ್ಟು ಉಳಿತಾಯಕ್ಕೆ ಎಂದು ಹೇಳುವ ಸೂತ್ರಗಳು ಸಂಬಳದಾರರಿಗಾಗಿ ಹುಟ್ಟಿದವು. ಊರು ಬಿಟ್ಟು ಬಂದು ಓದುವವರಿಗೆ ಮೊತ್ತದ ಕೊರತೆಗಿಂತ ಮೊದಲು ಎದುರಾಗುವುದು ವೇಳೆಯ ಕೊರತೆ.

ಒಂದು ಉದಾಹರಣೆಯಿಂದ ಇದು ತಿಳಿಯುತ್ತದೆ. ಚನ್ನಗಿರಿ ತಾಲ್ಲೂಕಿನ ಅಡಿಕೆ ಬೆಳೆಗಾರರ ಮನೆಯ ಹುಡುಗಿಯೊಬ್ಬಳು ದಾವಣಗೆರೆಯಲ್ಲಿ ಬಿ.ಎಸ್ಸಿ. ಓದುತ್ತಾಳೆ ಎಂದಿಟ್ಟುಕೊಳ್ಳೋಣ. ಮನೆಯಿಂದ ಜೂನ್‌ನಲ್ಲಿ 15,000 ರೂಪಾಯಿ, ಅಡಿಕೆ ಮಾರಿದ ಮೇಲೆ ಜನವರಿಯಲ್ಲಿ 25,000 ರೂಪಾಯಿ, ಮಾರ್ಚ್‌ನಲ್ಲಿ ವಿದ್ಯಾರ್ಥಿವೇತನ 10,000 ರೂಪಾಯಿ ಬರುತ್ತದೆ. ಒಟ್ಟು 50,000. ಮೂವರು ಸೇರಿ ಹಿಡಿದ ಕೋಣೆಯ ಬಾಡಿಗೆಯ ಪಾಲು, ಗ್ಯಾಸ್, ದಿನಸಿ ಸೇರಿ ತಿಂಗಳಿಗೆ 2,800ರಂತೆ 10 ತಿಂಗಳಿಗೆ 28,000. ಶುಲ್ಕ ಮತ್ತು ಪುಸ್ತಕಕ್ಕೆ 14,000. ಮೊಬೈಲ್ ರೀಚಾರ್ಜ್‌ಗೆ ತಿಂಗಳಿಗೆ 300ರಂತೆ 3,600. ಬಟ್ಟೆ, ಔಷಧಿ, ಓಡಾಟಕ್ಕೆ 4,400. ಖರ್ಚೂ ಸರಿಯಾಗಿ 50,000. ವರ್ಷದ ಕಾಗದದ ಮೇಲೆ ಎಲ್ಲವೂ ಸರಿಹೋಯಿತು. ಆದರೆ ಜೂನ್‌ನಿಂದ ಡಿಸೆಂಬರ್‌ವರೆಗಿನ ಏಳು ತಿಂಗಳನ್ನು ಮಾತ್ರ ಬಿಡಿಸಿ ನೋಡಿದರೆ ಕೋಣೆ, ಊಟಕ್ಕೆ 19,600, ಆರಂಭದ ಶುಲ್ಕ ಮತ್ತು ಪುಸ್ತಕಕ್ಕೆ 11,500, ರೀಚಾರ್ಜ್‌ಗೆ 2,100 ಸೇರಿ 33,200 ರೂಪಾಯಿ ಬೇಕು. ಕೈಯಲ್ಲಿರುವುದು 15,000. ಸಣ್ಣಪುಟ್ಟ ಖರ್ಚು ಬಿಟ್ಟೇ 18,200 ರೂಪಾಯಿಯ ಕಂದಕ. ಈ ಕಂದಕವನ್ನು ಅಕ್ಟೋಬರ್‌ನಲ್ಲಿ ಕಂಡವರು ಸಿಕ್ಕಿದ ಕಡೆ ಸಾಲ ಮಾಡುತ್ತಾರೆ. ಜೂನ್‌ನಲ್ಲೇ ಕಂಡವರಿಗೆ ಬೇರೆ ದಾರಿಗಳಿವೆ. ಶುಲ್ಕವನ್ನು ಎರಡು ಕಂತಿನಲ್ಲಿ ಕಟ್ಟಲು ಪ್ರಾಂಶುಪಾಲರಿಗೆ ಅರ್ಜಿ ಕೊಡಬಹುದು, ಅಡಿಕೆ ಸೊಸೈಟಿಯಿಂದ ಮುಂಗಡ ಪಡೆಯುವ ಬಗ್ಗೆ ಮನೆಯಲ್ಲಿ ಮಾತಾಡಬಹುದು, ಹಿಂದಿನ ಮಾರ್ಚ್‌ನ ವಿದ್ಯಾರ್ಥಿವೇತನವನ್ನು ಮುಟ್ಟದೆ ಜೂನ್‌ಗೆ ಕಾದಿರಿಸಬಹುದು. ಆದ್ದರಿಂದ ವಿದ್ಯಾರ್ಥಿಯ ಬಜೆಟ್ ತಿಂಗಳ ಲೆಕ್ಕದಿಂದ ಶುರುವಾಗಬಾರದು. ಹನ್ನೆರಡು ತಿಂಗಳ ಹೆಸರು ಬರೆದು, ಪ್ರತಿಯೊಂದರ ಎದುರು ಬರುವ ಹಣ ಮತ್ತು ಹೋಗುವ ಹಣ ಬರೆದ ಒಂದು ಹಾಳೆ ಮೊದಲು ಬೇಕು.

ಆ ಹಾಳೆಯಲ್ಲಿ ಅತಿ ಹೆಚ್ಚು ಅನಿಶ್ಚಿತವಾದ ಸಾಲು ವಿದ್ಯಾರ್ಥಿವೇತನದ್ದು. ಈ ಅಂಕಣಕಾರ ಪದವಿ ಕಾಲೇಜುಗಳಲ್ಲಿ ಹಣಕಾಸಿನ ಬಗ್ಗೆ ಮಾತಾಡಲು ಹೋದಾಗಲೆಲ್ಲ ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ ಷೇರಿನದೂ ಅಲ್ಲ, ಮ್ಯೂಚುವಲ್ ಫಂಡಿನದೂ ಅಲ್ಲ. ಅರ್ಜಿ ಹಾಕಿದ್ದರೂ ಹಣ ಯಾಕೆ ಬಂದಿಲ್ಲ ಎಂಬುದು. ಕರ್ನಾಟಕದಲ್ಲಿ ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಒಂದೇ ಬಾಗಿಲು; ಎಲ್ಲರೂ ಅದನ್ನು ಎಸ್‌ಎಸ್‌ಪಿ ಎಂದೇ ಕರೆಯುತ್ತಾರೆ. ನಾಡಕಚೇರಿ ಕೊಟ್ಟ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಎಸ್‌ಎಸ್‌ಎಲ್‌ಸಿ ನೋಂದಣಿ ಸಂಖ್ಯೆ, ಆಧಾರ್ ಇಲ್ಲಿ ಒಂದಕ್ಕೊಂದು ತಾಳೆಯಾಗಬೇಕು. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ ಇದ್ದರೂ ಅರ್ಜಿ ನಿಲ್ಲುವ ಸಾಧ್ಯತೆ ಇದೆ. ಕಾಲೇಜಿನ ಹಂತದಲ್ಲಿ ದಾಖಲೆಗಳ ಇ-ದೃಢೀಕರಣ ಆಗಬೇಕು. ಅರ್ಜಿ ಸಲ್ಲಿಸಿ ಸುಮ್ಮನಾಗದೆ ಅದು ಯಾವ ಮೇಜಿನಲ್ಲಿದೆ ಎಂದು ಪೋರ್ಟಲ್‌ನಲ್ಲಿ ಆಗಾಗ ನೋಡುತ್ತಿರಬೇಕು.

ರೈತರ ಮಕ್ಕಳಿಗಾಗಿ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಕೋರ್ಸಿಗೆ ತಕ್ಕಂತೆ ವರ್ಷಕ್ಕೆ 2,500ರಿಂದ 11,000 ರೂಪಾಯಿವರೆಗೆ ನೆರವು ನಿಗದಿಯಾಗಿದ್ದು, ಹುಡುಗಿಯರಿಗೆ ಸ್ವಲ್ಪ ಹೆಚ್ಚು. ಇದಕ್ಕೆ ತಂದೆ ಅಥವಾ ತಾಯಿಯ ಹೆಸರಿನಲ್ಲಿ, ರೈತರನ್ನು ನೋಂದಾಯಿಸುವ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ ಸಂಖ್ಯೆ ಇರಬೇಕು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಉಳಿದ ಮನೆಗಳಲ್ಲಿ ಮಕ್ಕಳ ಹಣ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಯ ಕೆಲಸ ಮೊಮ್ಮಕ್ಕಳ ಓದಿಗೂ ಸಂಬಂಧಪಟ್ಟದ್ದು ಎಂದು ಮನೆಯ ಹಿರಿಯರಿಗೆ ತಿಳಿಸುವುದು ಒಳ್ಳೆಯದು.

ಎಲ್ಲ ಮಂಜೂರಾದ ಮೇಲೂ ಹಣ ದಾರಿತಪ್ಪುವ ಒಂದು ತಿರುವಿದೆ. ಸರ್ಕಾರದ ನೇರ ವರ್ಗಾವಣೆ ಖಾತೆ ಸಂಖ್ಯೆಯನ್ನು ಹುಡುಕಿಕೊಂಡು ಹೋಗುವುದಿಲ್ಲ, ಆಧಾರ್ ಸಂಖ್ಯೆಗೆ ಜೋಡಣೆಯಾದ ಬ್ಯಾಂಕನ್ನು ಹುಡುಕುತ್ತದೆ. ಆ ಜೋಡಣೆಯ ಪಟ್ಟಿ ಇರುವುದು ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ ಬಳಿ. ಒಬ್ಬರ ಆಧಾರ್‌ಗೆ ಒಂದು ವೇಳೆಗೆ ಒಂದೇ ಬ್ಯಾಂಕು. ಖಾತೆ ತೆರೆಯುವಾಗ ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಈ ಪಟ್ಟಿಯಲ್ಲಿ ಹೆಸರು ಸೇರುವುದಿಲ್ಲ. ಅದಕ್ಕೆ ಬೇರೆಯೇ ಒಪ್ಪಿಗೆ ಕೊಡಬೇಕು. ಪಿಯುಸಿಯಲ್ಲಿ ಊರಿನ ಬ್ಯಾಂಕಿನಲ್ಲಿ ಖಾತೆ ತೆರೆದವರು ಪದವಿಗೆ ಬಂದು ಕಾಲೇಜಿನ ಪಕ್ಕದ ಬ್ಯಾಂಕಿನಲ್ಲಿ ಇನ್ನೊಂದು ತೆರೆದು ಜೋಡಣೆಗೆ ಒಪ್ಪಿಗೆ ಕೊಟ್ಟರೆ ಮುಂದಿನ ಹಣ ಹೊಸ ಖಾತೆಗೆ ಹೋಗುತ್ತದೆ, ಅವರು ಹಳೆಯ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತ ಕಾಯುತ್ತಿರುತ್ತಾರೆ. ಯಾವ ಬ್ಯಾಂಕು ಜೋಡಣೆಯಾಗಿದೆ ಎಂಬುದನ್ನು ಆಧಾರ್ ಪ್ರಾಧಿಕಾರದ ಮೈಆಧಾರ್ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಹಳೆಯ ಖಾತೆಯ ಬಗ್ಗೆ ಇನ್ನೊಂದು ಮಾತು. ಎರಡು ವರ್ಷ ವ್ಯವಹಾರವಿಲ್ಲದ ಖಾತೆಯನ್ನು ಬ್ಯಾಂಕುಗಳು ನಿಷ್ಕ್ರಿಯವೆಂದು ಗುರುತಿಸುತ್ತವೆ. ಆದರೆ 2024ರ ಏಪ್ರಿಲ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ವಿದ್ಯಾರ್ಥಿವೇತನಕ್ಕೆಂದು ತೆರೆದ ಶೂನ್ಯ ಶಿಲ್ಕಿನ ಖಾತೆಗಳನ್ನು ಹಾಗೆ ಗುರುತಿಸುವಂತಿಲ್ಲ.

ಖಾತೆಯ ಆಯ್ಕೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕನಿಷ್ಠ ಶಿಲ್ಕು ಬೇಡದ ಮೂಲ ಉಳಿತಾಯ ಖಾತೆಯನ್ನು ಎಲ್ಲ ಬ್ಯಾಂಕುಗಳೂ ಕೊಡಬೇಕು. ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ಎಲ್ಲ ಉಳಿತಾಯ ಖಾತೆಗಳಿಗೂ ಕನಿಷ್ಠ ಶಿಲ್ಕಿನ ದಂಡವನ್ನು ಕೈಬಿಟ್ಟಿತು, ಬೇರೆ ಕೆಲವು ಸರ್ಕಾರಿ ಬ್ಯಾಂಕುಗಳೂ ಅದೇ ದಾರಿ ಹಿಡಿದವು. ಕಾಲೇಜಿನ ಆವರಣದಲ್ಲಿ ಮೇಜು ಹಾಕಿಕೊಂಡು ಕುಳಿತವರು ಕೊಡುವ ಬ್ಯಾಗು, ನೀರಿನ ಬಾಟಲಿ ನೋಡಿ ಎರಡು ಮೂರು ಖಾತೆ ತೆರೆಯುವುದರಿಂದ ಲಾಭವಿಲ್ಲ. ಒಂದು ಖಾತೆ ವಿದ್ಯಾರ್ಥಿವೇತನ ಮತ್ತು ಮನೆಯ ಹಣಕ್ಕೆ, ಬೇಕಿದ್ದರೆ ಇನ್ನೊಂದು ಯುಪಿಐ ಖರ್ಚಿಗೆ ಸಾಕು. ಖರ್ಚಿನ ಖಾತೆಗೆ ವಾರಕ್ಕೊಮ್ಮೆ ಇಂತಿಷ್ಟೇ ಎಂದು ವರ್ಗಾಯಿಸಿಕೊಂಡರೆ ಜೂನ್‌ನಲ್ಲಿ ಬಂದ ದೊಡ್ಡ ಮೊತ್ತ ಜುಲೈಗೆ ಕರಗುವುದು ತಪ್ಪುತ್ತದೆ.

ದಿನದ ಖರ್ಚಿನ ಲೆಕ್ಕ ಹಿಂದೆ ಕಣ್ಣೆದುರೇ ಇರುತ್ತಿತ್ತು. ಈ ಅಂಕಣಕಾರ ಓದುವಾಗಿನ ಹಾಸ್ಟೆಲಿನಲ್ಲಿ ನಡೆಯುತ್ತಿದ್ದುದು ಡಿವೈಡಿಂಗ್ ಮೆಸ್. ತಿಂಗಳ ದಿನಸಿ, ತರಕಾರಿ, ಅಡುಗೆಯವರ ಸಂಬಳ ಎಲ್ಲ ಕೂಡಿಸಿ, ಊಟ ಮಾಡಿದ ದಿನಗಳಿಗೆ ಹಂಚಿ, ತಲೆಗೆ ದಿನಕ್ಕೆ ಎಷ್ಟು ಬಿತ್ತು ಎಂದು ನೋಟಿಸ್ ಬೋರ್ಡಿಗೆ ಹಚ್ಚುತ್ತಿದ್ದರು. ಲೆಕ್ಕ ನೋಡಲು ಸರದಿಯ ಮೇಲೆ ವಿದ್ಯಾರ್ಥಿಗಳೇ ಕಾರ್ಯದರ್ಶಿಗಳು. ಟೊಮೆಟೊ ದುಬಾರಿಯಾದಾಗ ಹುಣಸೆಹಣ್ಣಿಗೆ ತಿರುಗುವುದು, ಊರಿಗೆ ಹೋಗುವ ಮುನ್ನಾದಿನ ಮೆಸ್ಸಿಗೆ ತಿಳಿಸಿ ಊಟ ನಿಲ್ಲಿಸುವುದು ಅಲ್ಲಿ ಎಲ್ಲರಿಗೂ ರೂಢಿ. ಈಗ ಚಹಾದಿಂದ ಜೆರಾಕ್ಸ್‌ವರೆಗೆ ಎಲ್ಲವೂ ಕ್ಯೂಆರ್ ಕೋಡ್ ಮೇಲೆ ನಡೆಯುವುದರಿಂದ ಹಣ ಕೈಯಿಂದ ಹೋದದ್ದೇ ಗಮನಕ್ಕೆ ಬರುವುದಿಲ್ಲ. ಆದರೆ ಯುಪಿಐ ಪ್ರತಿ ರೂಪಾಯಿಯ ದಾಖಲೆಯನ್ನೂ ಇಟ್ಟಿರುತ್ತದೆ. ಭಾನುವಾರ ಹತ್ತು ನಿಮಿಷ ಕುಳಿತು ವಾರದ ವಿವರ ತೆರೆದು, ಊಟ, ಓಡಾಟ, ಓದು, ಗೆಳೆಯರಿಗೆ ಕೊಟ್ಟದ್ದು ಎಂದು ಬೇರ್ಪಡಿಸಿದರೆ ಪ್ರತಿದಿನ ಬರೆದಿಡುವ ಕಷ್ಟವಿಲ್ಲದೆ ಅದೇ ಫಲ ಸಿಗುತ್ತದೆ. ಹೀಗೆ ಬೇರ್ಪಡಿಸಿದಾಗ ಹೆಚ್ಚಿನವರಿಗೆ ಅಚ್ಚರಿ ತರುವುದು ಹೋಟೆಲಿನ ಬಿಲ್ಲಲ್ಲ, ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಆ್ಯಪ್‌ಗಳ ಚಂದಾ. ಯುಪಿಐ ಆ್ಯಪ್‌ನ ಆಟೋಪೇ ವಿಭಾಗದಲ್ಲಿ ಅವನ್ನು ನಿಲ್ಲಿಸಬಹುದು. ಓಡಾಟದ ಖರ್ಚಿಗೆ ವಿದ್ಯಾರ್ಥಿ ಬಸ್ ಪಾಸ್ ಇದೆ. ಹುಡುಗಿಯರಿಗೆ 2023ರ ಜೂನ್ 11ರಂದು ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಆ ಸಾಲೇ ಬಹುಮಟ್ಟಿಗೆ ಅಳಿಸಿಹೋಯಿತು.

ಉಳಿತಾಯ ಎಂದರೆ ವಿದ್ಯಾರ್ಥಿಗೆ ಮೊದಲು ಒಂದು ತಿಂಗಳ ಊಟ, ಕೋಣೆಯಷ್ಟು ಹಣ ಪಕ್ಕಕ್ಕೆ ಇರುವುದು. ವಿದ್ಯಾರ್ಥಿವೇತನ ಒಂದು ತಿಂಗಳು ತಡವಾದರೂ ಕೈ ಚಾಚದೆ ಉಳಿಯುವ ಶಕ್ತಿ ಅದರಿಂದ ಬರುತ್ತದೆ. ಚಿಕ್ಕ ಮೊತ್ತಗಳನ್ನು ಕೂಡಿಸುವ ವಿಷಯದಲ್ಲಿ ಕನ್ನಡ ನಾಡಿಗೆ ತನ್ನದೇ ಒಂದು ಪಾಠವಿದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಬ್ಯಾಂಕಿನ ಏಜೆಂಟ್ ದಿನವೂ ಮನೆ, ಅಂಗಡಿಗೆ ಬಂದು ಎರಡಾಣೆಯನ್ನಾದರೂ ಸಂಗ್ರಹಿಸುತ್ತಿದ್ದರು. ಆ ಬ್ಯಾಂಕ್ 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನವಾಯಿತು, ಪಿಗ್ಮಿ ಮಾತ್ರ ಸಹಕಾರ ಸಂಘಗಳ ಮೂಲಕ ಊರೂರಲ್ಲಿ ಉಳಿದಿದೆ. ಛತ್ರದಲ್ಲಿ ಬಡಿಸಲು ಹೋಗಿ ಅಥವಾ ಸಂಜೆ ಟ್ಯೂಷನ್ ಹೇಳಿ ಬಿಡಿ ಹಣ ಗಳಿಸುವವರಿಗೆ ಈ ಪದ್ಧತಿ ಹೊಂದುತ್ತದೆ. ಆದರೆ ಹಣ ಹಾಕುವ ಮೊದಲು ಒಂದು ವ್ಯತ್ಯಾಸ ತಿಳಿದಿರಬೇಕು. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳೂ ಸೇರಿ, ಒಬ್ಬ ಠೇವಣಿದಾರರ 5 ಲಕ್ಷ ರೂಪಾಯಿವರೆಗಿನ ಹಣಕ್ಕೆ ವಿಮೆಯ ರಕ್ಷಣೆ ಇದೆ. 2020ರ ಫೆಬ್ರವರಿವರೆಗೆ ಈ ಮಿತಿ 1 ಲಕ್ಷವಿತ್ತು. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಂಘಗಳು ಬ್ಯಾಂಕುಗಳಲ್ಲ, ಅವುಗಳ ಠೇವಣಿಗೆ ಈ ವಿಮೆ ಅನ್ವಯಿಸುವುದಿಲ್ಲ. ಬೋರ್ಡಿನ ಮೇಲಿನ ಬಡ್ಡಿಗಿಂತ ಮೊದಲು ಈ ಪ್ರಶ್ನೆ ಕೇಳಬೇಕು.

ಅಂಚೆ ಕಚೇರಿಯ ಆವರ್ತ ಠೇವಣಿ, ಅಂದರೆ ಆರ್‌ಡಿ, ತಿಂಗಳಿಗೆ 100 ರೂಪಾಯಿಯಿಂದ ಆರಂಭವಾಗುತ್ತದೆ. ಶೇ 6.7ರ ದರದಲ್ಲಿ ತಿಂಗಳಿಗೆ 500ರಂತೆ ಐದು ವರ್ಷ ಕಟ್ಟಿದ 30,000 ರೂಪಾಯಿ ಸುಮಾರು 35,680 ಆಗುತ್ತದೆ. ಯೋಜನೆ ಗಟ್ಟಿಯಾದದ್ದೇ, ಆದರೆ ಮೂರು ವರ್ಷದ ಪದವಿ ಓದುವವರಿಗೆ ಅವಧಿ ಉದ್ದವಾಯಿತು. ಮೂರು ವರ್ಷ ತುಂಬಿ ನಡುವೆ ಮುಚ್ಚಿದರೆ ಸಾದಾ ಉಳಿತಾಯ ಖಾತೆಯ ಬಡ್ಡಿಯಷ್ಟೇ ಸಿಗುತ್ತದೆ. ಬ್ಯಾಂಕಿನ ಒಂದು ವರ್ಷದ ಆರ್‌ಡಿಯನ್ನು ಮುಂದಿನ ಜೂನ್‌ನ ಶುಲ್ಕಕ್ಕೆ ಸರಿಯಾಗಿ ಮುಗಿಯುವಂತೆ ಇಡುವುದು ಇವರಿಗೆ ಹೆಚ್ಚು ಉಪಯುಕ್ತ.

ಇನ್ನು ಸಾಲ. ಸಾಲಗಳಲ್ಲಿ ಓದಿನ ಸಾಲಕ್ಕೂ ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಿಗುವ ಸಾಲಕ್ಕೂ ಅಜಗಜಾಂತರ. ಶಿಕ್ಷಣ ಸಾಲದಲ್ಲಿ 4 ಲಕ್ಷ ರೂಪಾಯಿವರೆಗೆ ಬ್ಯಾಂಕುಗಳು ಆಸ್ತಿಯ ಆಧಾರ ಕೇಳುವಂತಿಲ್ಲ. ಪೋಷಕರು ಸಹ ಸಾಲಗಾರರಾಗಿ ಸಹಿ ಹಾಕುತ್ತಾರೆ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಆರಂಭವಾಗುವುದಿಲ್ಲ. ಈ ಬಿಡುವಿನಲ್ಲೂ ಬಡ್ಡಿ ಓಡುತ್ತಲೇ ಇರುತ್ತದೆ ಎಂಬುದು ಹಲವು ಮನೆಗಳಿಗೆ ತಿಳಿಯುವುದು ಮೊದಲ ಕಂತಿನ ನೋಟಿಸ್ ಬಂದಾಗ. ವರ್ಷಕ್ಕೊಂದು ಲಕ್ಷದಂತೆ ನಾಲ್ಕು ವರ್ಷದ ಎಂಜಿನಿಯರಿಂಗ್‌ಗೆ ಶೇ 10ರ ಸರಳ ಬಡ್ಡಿಯಲ್ಲಿ ಸಾಲ ಪಡೆದರೆ, ಮೊದಲ ಲಕ್ಷಕ್ಕೆ ಐದು ವರ್ಷದ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು ವರ್ಷದ ಬಡ್ಡಿ ಸೇರಿ 1,40,000 ರೂಪಾಯಿ ಕೂಡಿರುತ್ತದೆ. ಕಂತು ಶುರುವಾಗುವಾಗ ತೀರಿಸಬೇಕಾದ್ದು 5,40,000. ಮೊದಲ ವರ್ಷ ತಿಂಗಳಿಗೆ 833 ರೂಪಾಯಿಯಿಂದ ತೊಡಗಿ ಓದುವಾಗಲೇ ಬಡ್ಡಿ ಕಟ್ಟುತ್ತ ಹೋದರೆ ಅಸಲು ಅಸಲಾಗಿಯೇ ಉಳಿಯುತ್ತದೆ. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉತ್ತಮ ದರ್ಜೆಯ ಸಂಸ್ಥೆಗಳಲ್ಲಿ ಸೀಟು ಪಡೆದವರಿಗೆ ಆಧಾರವಿಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ನೆರವು ಪಡೆಯದಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಬಿಡುವಿನ ಅವಧಿಯಲ್ಲಿ ಶೇ 3ರ ಬಡ್ಡಿ ನೆರವಿಗೂ ಅರ್ಜಿ ಹಾಕಬಹುದು. ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಪ್ರವೇಶಕ್ಕೆ ಮೊದಲೇ ನೋಡಿಕೊಳ್ಳಬೇಕು.

ಸಾಲದ ಆ್ಯಪ್‌ಗಳ ಲೆಕ್ಕವೇ ಬೇರೆ. 5,000 ರೂಪಾಯಿ ಸಾಲ ಎಂದು ತೋರಿಸಿ, ಸಂಸ್ಕರಣಾ ಶುಲ್ಕ ಮತ್ತು ತೆರಿಗೆ ಎಂದು 900 ಹಿಡಿದು 4,100 ಕೊಟ್ಟು, 15 ದಿನಕ್ಕೆ 5,000 ಕಟ್ಟಿಸಿಕೊಂಡರೆ ಅದು ವರ್ಷದ ಲೆಕ್ಕದಲ್ಲಿ ಶೇ 500 ದಾಟಿದ ಬಡ್ಡಿ. ಆ ಐದು ಸಾವಿರ ತೀರಿಸಲು ಇನ್ನೊಂದು ಆ್ಯಪ್, ಅದಕ್ಕೆ ಮತ್ತೊಂದು ಎಂದು ಮುಂದುವರಿದವರು ಕೊನೆಗೆ ಓದು ಬಿಟ್ಟು ಕೆಲಸಕ್ಕೆ ಸೇರಿದ್ದನ್ನು ಈ ಅಂಕಣಕಾರ ಹತ್ತಿರದಿಂದ ನೋಡಿದ್ದುಂಟು. ರಿಸರ್ವ್ ಬ್ಯಾಂಕ್ 2022ರಲ್ಲಿ ಡಿಜಿಟಲ್ ಸಾಲಕ್ಕೆ ಬಿಗಿಯಾದ ನಿಯಮ ತಂದಿತು. ಹಣ ಬ್ಯಾಂಕು ಅಥವಾ ನೋಂದಾಯಿತ ಹಣಕಾಸು ಸಂಸ್ಥೆಯಿಂದ ನೇರವಾಗಿ ಸಾಲಗಾರರ ಖಾತೆಗೇ ಬರಬೇಕು. ಎಲ್ಲ ಶುಲ್ಕ ಸೇರಿದ ವಾರ್ಷಿಕ ದರವನ್ನು ಮೊದಲೇ ಬರೆದುಕೊಡಬೇಕು. ಫೋನಿನಲ್ಲಿರುವ ಹೆಸರುಗಳ ಪಟ್ಟಿ, ಫೋಟೊ, ಕರೆಗಳ ವಿವರಕ್ಕೆ ಆ್ಯಪ್ ಕೈ ಹಾಕುವಂತಿಲ್ಲ. ಅದನ್ನು ಕೇಳುವ ಆ್ಯಪ್ ಅಲ್ಲಿಗೇ ತಿರಸ್ಕಾರಕ್ಕೆ ಅರ್ಹ. ತೀರಾ ಅಗತ್ಯ ಬಿದ್ದಾಗ ಮನೆಯ ಚಿನ್ನದ ಮೇಲೆ ಬ್ಯಾಂಕಿನಲ್ಲಿ ಪಡೆಯುವ ಸಾಲ ಇದಕ್ಕಿಂತ ಎಷ್ಟೋ ಪಾಲು ಅಗ್ಗ. ಅಮ್ಮನಿಗೆ ಹೇಳಲು ಸಂಕೋಚ ಎಂಬ ಕಾರಣಕ್ಕೇ ಮಕ್ಕಳು ಆ್ಯಪ್ ತೆರೆಯುವುದು ಹೆಚ್ಚು. ಆ ಸಂಕೋಚ ಬೆಳೆಯದಂತೆ ಮನೆಯಲ್ಲಿ ಹಣದ ಮಾತು ಬೈಗುಳವಿಲ್ಲದೆ ನಡೆಯಬೇಕು.

ಈ ಚಿಕ್ಕ ಸಾಲಗಳೂ, ಈಗ ಕೊಂಡು ಆಮೇಲೆ ಕೊಡುವ ಸೌಲಭ್ಯಗಳಲ್ಲಿ ಸಾಲವೆಂದು ವರದಿಯಾಗುವವೂ ಸಾಲದ ಇತಿಹಾಸ ಇಡುವ ಸಿಬಿಲ್ ಮುಂತಾದ ಸಂಸ್ಥೆಗಳ ದಾಖಲೆಗೆ ಹೋಗುತ್ತವೆ. ಸಿಬಿಲ್ ಅಂಕ 300ರಿಂದ 900ರವರೆಗೆ ಇರುತ್ತದೆ. ಬ್ಯಾಂಕ್ ಕೆಲಸಕ್ಕೆ ಪರೀಕ್ಷೆ ಬರೆಯುವವರು ಇದನ್ನು ಹಗುರವಾಗಿ ನೋಡಬಾರದು; ಐಬಿಪಿಎಸ್ ಅಧಿಸೂಚನೆಗಳಲ್ಲಿ ಅಭ್ಯರ್ಥಿಯ ಸಾಲದ ಇತಿಹಾಸ ಚೆನ್ನಾಗಿರಬೇಕು ಎಂಬ ಷರತ್ತು ಸೇರಿದೆ. ದೇಶದ ಇಂಥ ನಾಲ್ಕು ಸಂಸ್ಥೆಗಳಿಂದಲೂ ವರ್ಷಕ್ಕೊಂದು ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು ಎಲ್ಲರಿಗೂ ಇದೆ.

ಸಾಲಕ್ಕಿಂತ ಗಂಭೀರವಾದದ್ದು ಖಾತೆಯನ್ನು ಬಾಡಿಗೆಗೆ ಕೊಡುವುದು. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಟ್ಟರೆ ಕೆಲವು ಸಾವಿರ ಕೊಡುತ್ತೇವೆ ಎಂದು ಹುಡುಗರನ್ನು ಹುಡುಕಿಕೊಂಡು ಬರುವವರಿದ್ದಾರೆ. ಆನ್‌ಲೈನ್ ವಂಚನೆಯ ಹಣ ಆ ಖಾತೆಯ ಮೂಲಕ ಹಾದುಹೋಗುತ್ತದೆ, ಪೊಲೀಸರು ಮೊದಲು ಬರುವುದು ಖಾತೆದಾರರ ಮನೆಗೆ. ಖಾತೆ ಸ್ಥಗಿತವಾದಾಗ ಅದರಲ್ಲಿದ್ದ ವಿದ್ಯಾರ್ಥಿವೇತನವೂ ಸಿಕ್ಕಿಬೀಳುತ್ತದೆ. ಖಾತೆ ಯಾರ ಹೆಸರಿನಲ್ಲಿದೆಯೋ ಹೊಣೆ ಅವರದೇ. ಗೆಳೆಯನ ಮಾತು ನಂಬಿದ್ದೆ ಎಂಬ ಉತ್ತರ ನಡೆಯುವುದಿಲ್ಲ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ ಎಂಬುದನ್ನೂ ಇದರೊಂದಿಗೇ ನೆನಪಿಡಬೇಕು. ವಂಚನೆಯಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಯುವ ಸಾಧ್ಯತೆ ಹೆಚ್ಚು.

ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿದ್ಯಾರ್ಥಿಗಳ ಜಾಗವಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಇದರಲ್ಲಿ ತೊಡಗಿದ ಬಿಡಿ ವ್ಯಾಪಾರಿಗಳಲ್ಲಿ ಶೇ 93 ಮಂದಿ ನಷ್ಟ ಅನುಭವಿಸಿದರು. ಅವರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಇಂಥ ವ್ಯಾಪಾರಿಗಳಲ್ಲಿ 30 ವರ್ಷದೊಳಗಿನವರ ಪಾಲು ಒಂದೇ ವರ್ಷದಲ್ಲಿ ಶೇ 31ರಿಂದ 43ಕ್ಕೆ ಏರಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ನಿಷೇಧಿಸಿದೆ. ಮ್ಯೂಚುವಲ್ ಫಂಡಿನ ಎಸ್‌ಐಪಿ ಒಳ್ಳೆಯದೇ, ಆದರೆ ಅದರ ಫಲಕ್ಕೆ ಹಲವು ವರ್ಷ ಬೇಕು. ಮುಂದಿನ ಸೆಮಿಸ್ಟರಿನ ಶುಲ್ಕವನ್ನು ಅಲ್ಲಿ ಹಾಕಬಾರದು.

ವಿಮೆಯಲ್ಲಿ ಹದಿನೆಂಟು ತುಂಬಿದವರಿಗೆ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಸಾಕು. ವರ್ಷಕ್ಕೆ 20 ರೂಪಾಯಿ ಖಾತೆಯಿಂದ ಕಡಿತವಾಗಿ 2 ಲಕ್ಷದ ಅಪಘಾತ ವಿಮೆ ಸಿಗುತ್ತದೆ. ಬೈಕಿನಲ್ಲಿ ಓಡಾಡುವವರು ಇದನ್ನು ಬಿಡಬಾರದು.

ಕೊನೆಯ ಸೆಮಿಸ್ಟರಿನಲ್ಲಿ ಬಾಕಿ ಉಳಿಯುವ ಕೆಲಸಗಳು ಚಿಕ್ಕವು. ಬೇಡದ ಖಾತೆ ಮುಚ್ಚುವುದು, ಕೋಣೆಯ ಅಡ್ವಾನ್ಸ್ ವಾಪಸು ಪಡೆಯುವುದು, ಊರು ಬದಲಾದಾಗ ಬ್ಯಾಂಕಿಗೆ ಹೊಸ ಮೊಬೈಲ್ ಸಂಖ್ಯೆ ಕೊಡುವುದು. ಶಿಕ್ಷಣ ಸಾಲ ಇರುವವರು ಕಂತು ಯಾವ ತಿಂಗಳಿಂದ ಆರಂಭ ಎಂಬುದನ್ನು ಶಾಖೆಯಿಂದ ಬರವಣಿಗೆಯಲ್ಲಿ ಪಡೆದಿಟ್ಟುಕೊಳ್ಳಬೇಕು. ಕಂತು 90 ದಿನ ಮೀರಿ ಬಾಕಿಯಾದರೆ ಬ್ಯಾಂಕ್ ಆ ಸಾಲವನ್ನು ಅನುತ್ಪಾದಕ ಸಾಲ, ಅಂದರೆ ಎನ್‌ಪಿಎ, ಪಟ್ಟಿಗೆ ಸೇರಿಸುತ್ತದೆ. ಆದ್ದರಿಂದ ಕೆಲಸ ಸಿಗುವುದು ತಡವಾಗುತ್ತಿದೆ ಎನ್ನಿಸಿದರೆ ಮೊದಲ ಕಂತಿನ ದಿನಾಂಕಕ್ಕಿಂತ ಮುಂಚೆಯೇ ಮ್ಯಾನೇಜರನ್ನು ಕಂಡು, ಅವಧಿ ವಿಸ್ತರಣೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು.